ಬಳೆಯಷ್ಟು ಅಗಲದ ಸುತ್ತು

ಅಪ್ಪ ತೀರಿಕೊಂಡ ಮೇಲೆ ಅವ್ವ ಅರಿಷಿಣ-ಕುಂಕುಮದ ಬಟ್ಟಲು ಮುಟ್ಟುವುದನ್ನೇ ಬಿಟ್ಟಿದ್ದಳು. ಯಾರೂ ಬೇಡವೆಂದಿರಲಿಲ್ಲ, ತಾನಾಗಿಯೇ ಹಿಂದೆ ಸರಿದು ನಿಲ್ಲುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ. ಸಂಕಟವಾದರೆ ನಾನು ಸಿಡುಕುತ್ತೇನೆ, ಹುಟ್ಟುಗುಣ. ಈ ಸಲದ ಖಂಡೇನವಮಿಗೆ, ನಾನೂ ಹೆಂಡತಿಯೂ ಈ ಮರಾಠಿ ಊರಿನ ಮಹಾಲ್ ಪೇಟೆಯ ಗಲ್ಲಿಯಲ್ಲಿ ನಡೆಸುವ ಸ್ಕ್ಯಾನ್ ಸೆಂಟರಿನ ಪೂಜೆಯನ್ನು ಅವಳೇ ಮಾಡಬೇಕೆಂದು ಹಟ ಹಿಡಿದೆ.

"ಬ್ಯಾಡೋ ತಮ್ಮಾ, ನನ್ನ ಕೈಲೆ ಬ್ಯಾಡ."

"ನಿನ್ನ ಕೈಲೇನ ಆಗಬೇಕು," ಎಂದೆ.

ಮಾಡಿದಳು. ದೊಡ್ಡ ಯಂತ್ರಕ್ಕೆ, ಪ್ರಿಂಟರಿಗೆ, ಕೊನೆಗೆ ಸ್ಟೂಲು ಹಾಕಿಸಿಕೊಂಡು ಗೋಡೆಯ ಮೇಲಿನ ಇಂಟರ್ನೆಟ್ ಪೆಟ್ಟಿಗೆಗೂ ಕುಂಕುಮವಿಟ್ಟು ಚೆಂಡುಹೂವಿನ ಮಾಲೆ ಕಟ್ಟಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ದಸರೆಯ ರಜೆ ಮುಗಿಸಿ ಬಾಗಿಲು ತೆಗೆದ ದಿನವೇ ಇಂಟರ್ನೆಟ್ ಕುಂಟತೊಡಗಿತು. ನಾವು ತೆಗೆದ ಸ್ಕ್ಯಾನುಗಳು ಪುಣೆಯ ಡಾಕ್ಟರರಿಗೆ ಹೋಗಬೇಕು, ಅವರ ವರದಿ ಬರಬೇಕು. ಅದಕ್ಕೆಂದೇ ಯಾರೊಂದಿಗೂ ಹಂಚಿಕೊಳ್ಳದ ಲೀಸ್ಡ್ ಲೈನ್ ಹಾಕಿಸಿದ್ದೆವು. ಈಗ ಒಬ್ಬರ ಸ್ಕ್ಯಾನು ಹೋಗುವಷ್ಟರಲ್ಲಿ ಕನ್ಹಾನಿನಂಥ ಹೊರ ಊರುಗಳಿಂದ ಬಂದವರು ಬೆಂಚಿನ ಮೇಲೆ ಕೂತು ಕೂತು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು.

"ಪೂಜಾ ಝಾಲೀ ತೇವ್ಹಾಪಾಸೂನಚ್," ಎಂದು ಕೌಂಟರಿನ ಹುಡುಗಿ ಗೊಣಗಿದಳು. ಪೂಜೆಯಾದಾಗಿನಿಂದಲೇ ಹೀಗೆ ಎಂದು. ಊಟದ ಡಬ್ಬಿ ತಂದಿದ್ದ ಅವ್ವನ ಕಿವಿಗೆ ಅದು ಬಿತ್ತು. ಮರಾಠಿ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಮರುದಿನ ಅವಳು ಹೊಸ್ತಿಲು ದಾಟಲಿಲ್ಲ. ಡಬ್ಬಿಯನ್ನು ಹೊರಗಿನಿಂದಲೇ ಚಾಚಿದಳು. "ದೀಪಾವಳಿ ಪೂಜಿ ನಿನ್ನ ಹೇಂತಿ ಮಾಡ್ಲಿ. ನನ್ನ ಕೈ ಚಲೋ ಅಲ್ಲ."

ಆಮೇಲೆ ನನಗೆ ಆ ದೋಷ ಹುಡುಕುವುದೊಂದೇ ಧ್ಯಾನವಾಯಿತು. ಅವಳ ಕೈಯಲ್ಲಿ ದೋಷವಿಲ್ಲವೆಂದು ತೋರಿಸಬೇಕಿತ್ತು. ಕಂಪನಿಗೆ ಫೋನ್ ಮಾಡಿದರೆ, ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ಮತ್ತೆ ಅದನ್ನೇ ಹೇಳಿದರು, ಕೂಗಾಡಿದೆ. ಕ್ಯಾಮೆರಾ ನಿಲ್ಲಿಸಿದೆ, ವೈಫೈ ನಿಲ್ಲಿಸಿದೆ, ಎಲ್ಲ ಕಂಪ್ಯೂಟರುಗಳ ವೈರು ಕಿತ್ತು ಒಂದೇ ಲ್ಯಾಪ್‌ಟಾಪನ್ನು ನೇರವಾಗಿ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದೆ. ಆಗಲೂ ಅದೇ ಆಮೆ ನಡಿಗೆ. ಅಂದರೆ ದೋಷ ನಮ್ಮ ಕಂಪ್ಯೂಟರುಗಳಲ್ಲಿ ಇರಲಿಲ್ಲ. ಇಷ್ಟು ಹೇಳಿದ ಮೇಲೆ ಕಂಪನಿಯವರು ಎಂಜಿನಿಯರನನ್ನು ಕಳಿಸಿದರು.

ಅವನು ಅಂಗೈಯಷ್ಟು ಮೀಟರು ಹಚ್ಚಿ ನೋಡಿ, "ರೋಶನಿ ಕಮ್ ಆ ರಹೀ ಹೈ," ಎಂದ. ಆ ವೈರಿನಲ್ಲಿ ಓಡುವುದು ಬೆಳಕಂತೆ, ಎಲ್ಲೋ ಸೋರುತ್ತಿದೆಯಂತೆ. ಸ್ಟೂಲು ಹತ್ತಿ ಒಣಗಿದ ಮಾಲೆಯನ್ನು ಸರಿಸಿದ. ಅದರ ಹಿಂದೆ ತೆಳ್ಳನೆಯ ಹಳದಿ ವೈರು ಮಡಚಿಕೊಂಡು, ಮಾಲೆಯ ದಾರದ ಸಮೇತ ಮೊಳೆಗೆ ಬಿಗಿಯಾಗಿ ಕಟ್ಟಿಸಿಕೊಂಡಿತ್ತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ದಿನವೂ ಅದೇ ಸ್ಟೂಲು ಹತ್ತಿ ಪೆಟ್ಟಿಗೆ ಆಫ್-ಆನ್ ಮಾಡಿದ್ದೆ. ಅವ್ವ ಕಟ್ಟಿದ್ದೆಂದು ಮಾಲೆಯನ್ನು ಮಾತ್ರ ಮುಟ್ಟಿರಲಿಲ್ಲ. ಕಟ್ಟಿದ್ದು ಅವಳ ಕೈಯೇ, ಮತ್ತು ಅವಳು ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

ಎಂಜಿನಿಯರನಿಗೆ ಇದಾವುದೂ ಗೊತ್ತಿಲ್ಲ. ಮಾಲೆ ಅವಳದೇ ಇರಬೇಕೆಂದು ಊಹಿಸಿ ನಕ್ಕು, "ಆಜೀ, ಹ್ಯಾಲಾ ಬಾಂಗಡೀಪೇಕ್ಷಾ ಲಹಾನ್ ವಳವೂ ನಕಾ," ಎಂದ. ಅಜ್ಜಿ, ಇದನ್ನು ಬಳೆಗಿಂತ ಸಣ್ಣದಾಗಿ ಬಾಗಿಸಬೇಡಿ.

ಅವ್ವ ನನ್ನತ್ತ ನೋಡಿದಳು. "ದಾರ ಬಿಗಿ ಆಗಿತ್ತು. ಅಷ್ಟ ಏನು?"

"ಅಷ್ಟ ಅವ್ವಾ." ಬಾಗಿಲಿಗೆ ಹೋಗಿ ಅವಳ ಕೈಯ ಡಬ್ಬಿ ಇಸಿದುಕೊಂಡೆ. "ಯಾರ ಕಟ್ಟಿದ್ರೂ ಹಿಂಗ ಆಗ್ತಿತ್ತು. ನೀನ ಸಡಿಲ ಮಾಡಿ ಕಟ್ಟು ಬಾ."

ಅವಳು ಒಳಗೆ ಬಂದಳು. ನನ್ನ ಹೆಂಡತಿ ತನ್ನ ಕೈಯಿಂದ ಒಂದು ಹಸಿರು ಬಳೆ ಬಿಚ್ಚಿ, "ಅಳತಿಗೆ ತಗೋರಿ ಅತ್ತಿ," ಎಂದು ಕೊಟ್ಟಳು. ಅವ್ವ ಬಿಗಿದ ದಾರ ಬಿಚ್ಚಿ, ವೈರನ್ನು ಬಳೆಯ ಸುತ್ತ ಹಗೂರ ಸುತ್ತಿ, ಬಳೆ ತೆಗೆದು, ಸುತ್ತನ್ನು ಸಡಿಲವಾಗಿ ಮೊಳೆಗೆ ತೂಗುಹಾಕಿದಳು. ಎಂಜಿನಿಯರ ಮೀಟರು ನೋಡಿ, "ಅಬ್ ಬರೋಬರ್," ಎಂದ. ತಡೆದಿದ್ದ ಸ್ಕ್ಯಾನುಗಳು ಒಂದರ ಹಿಂದೊಂದು ಪುಣೆಗೆ ಹೋದವು.

ಅವ್ವ ಬಳೆ ವಾಪಸು ಕೊಡಲು ಹೋದಳು. ನನ್ನ ಹೆಂಡತಿ ಅದನ್ನು ಇಸಿದುಕೊಳ್ಳದೆ, ಅವ್ವನ ಬರಿಗೈ ಹಿಡಿದು ಮೆಲ್ಲಗೆ ಏರಿಸಿಬಿಟ್ಟಳು.

"ಹುಚ್ಚಿ, ಮಂದಿ ಏನಂದಾರು," ಎಂದಳು ಅವ್ವ. ಆದರೆ ತೆಗೆಯಲಿಲ್ಲ.

ಆಟೋದಲ್ಲಿ ಮನೆಯವರೆಗೂ ಆ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಇಳಿಯುವಾಗ ಹೊರಗೆ ತೆಗೆದು ನನ್ನ ಹೆಗಲು ಹಿಡಿದಳು. "ದೀಪಾವಳಿಗೆ ಹೂವು ನಾನ ತರ್ತೀನಿ," ಎಂದಳು. "ನೀ ತಂದ್ರ ಬಾಡಿದ್ದು ತರ್ತಿ."