ಮೊಳೆಗೆ ತೂಗುಹಾಕಿದ ಬೋರ್ಡು

ಭಟ್ಕಳ ಬಂದರದ ಈರಪ್ಪನಿಗೆ ಕಡಲು ಆಗಿಬರಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿ, ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ಗಂಡುಮಗ ಅಂದರೆ ಬಲೆ ಹೆಣೆಯುತ್ತ ಕೂತವರಿಗೆ ವರ್ಷಪೂರ್ತಿ ನಗಲು ಸರಕು. ಅಪ್ಪ ಸುಮ್ಮನೆ ಬಿಡಲಿಲ್ಲ. ತಾಯಿತ ಕಟ್ಟಿಸಿದ, ಉಪ್ಪಿನಲ್ಲಿಟ್ಟ ಮಾವಿನಮಿಡಿ ಚೀಪಿಸಿದ, ಬೈದ, ಹೊಡೆದ. ಏನು ಮಾಡಿದರೂ ದಡದ ತೆಂಗಿನಮರ ಕಣ್ಣಿಗೆ ಮರೆಯಾಗುವ ಮೊದಲೇ ಈರಪ್ಪನ ಹೊಟ್ಟೆ ಬಾಯಿಗೆ ಬರುತ್ತಿತ್ತು. ಕೊನೆಗೆ ಅಪ್ಪನೇ ಸೋತ. "ನೀ ನೆಲದ ಮೇಲೇ ಬದುಕು ಮಾರಾಯಾ" ಎಂದು ಕಾರವಾರದ ಒಬ್ಬ ರೇಡಿಯೋ ರಿಪೇರಿಯವನ ಹತ್ತಿರ ಬಿಟ್ಟುಬಂದ.

ಆ ಗುರು ಕೆಲಸದ ಜೊತೆಗೆ ಒಂದು ಗುಟ್ಟನ್ನೂ ಹೇಳಿಕೊಟ್ಟಿದ್ದ. "ಪೂರಾ ಗಟ್ಟಿ ಮಾಡ್ಬೇಡ ಈರಾ. ಗಿರಾಕಿ ತಿರುಗಿ ಬರೂವಷ್ಟು ಜಾಗ ಬಿಟ್ಟಿರು." ಈರಪ್ಪ ಬೆಸುಗೆ ಹಾಕುವುದನ್ನು ಕಲಿತ, ಕಿವಿಯಿಟ್ಟು ರೇಡಿಯೋದ ರೋಗ ಪತ್ತೆ ಹಚ್ಚುವುದನ್ನು ಕಲಿತ, ಈ ಗುಟ್ಟೊಂದನ್ನು ಮಾತ್ರ ಕಲಿಯಲಿಲ್ಲ. ಅದನ್ನು ಕಲಿತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಭಟ್ಕಳ ಪೇಟೆಯಲ್ಲಿ ಒಂದು ಗೂಡಿನಂಥ ಅಂಗಡಿ ಹಾಕಿದ. ಕಡಲಿಗೆ ಹೋಗದ ಗಂಡಿಗೆ ಮೀನುಗಾರರ ಪೈಕಿಯಲ್ಲಿ ಹೆಣ್ಣು ಸಿಗಲಿಲ್ಲ. ಅಪ್ಪ ತೀರಿದ, ಅವ್ವನೂ ತೀರಿದಳು. ಹಗಲೆಲ್ಲ ಅಂಗಡಿಯಲ್ಲಿ ಒಂದು ರೇಡಿಯೋ ವಾರ್ತೆ ಓದುತ್ತಿತ್ತು, ಇನ್ನೊಂದು ಕೃಷಿರಂಗ ಹೇಳುತ್ತಿತ್ತು, ಮತ್ತೊಂದು ಕೊರಕೊರ ಅನ್ನುತ್ತಿತ್ತು. ಇಷ್ಟೆಲ್ಲ ಬಾಯಿಗಳ ನಡುವೆ "ಊಟ ಆತಾ ಈರಪ್ಪಾ" ಎಂದು ಕೇಳುವ ಬಾಯಿ ಒಂದೂ ಇರಲಿಲ್ಲ. ಬೇಜಾರು ಆಗುತ್ತಿರಲಿಲ್ಲವೇ ಅಂದರೆ, ಆಗುತ್ತಿತ್ತು. ಬಹಳ ಆಗುತ್ತಿತ್ತು. ಹೇಳಿಕೊಳ್ಳಲು ಜನ ಬೇಕಲ್ಲ.

ಪಕ್ಕದಲ್ಲಿ ಜಾಫರ್ ಸಾಹೇಬರ ದುಬೈ ಸಾಮಾನಿನ ಅಂಗಡಿ. ಅತ್ತರು, ಟಾರ್ಚು, ಕೊಡೆ, ಕ್ಯಾಸೆಟ್ಟು. ಎಂಬತ್ತೈದರ ಸುಮಾರಿಗೆ ಅವರ ನೆಂಟರೊಬ್ಬರು ದುಬೈಯಿಂದ ಒಂದು ಕಂಪ್ಯೂಟರನ್ನು ಬಿಚ್ಚಿ, ಅಂಗಿ ಪೈಜಾಮಗಳ ನಡುವೆ ಸುತ್ತಿ ತಂದರು. ತಂದವರಿಗೆ ತಿರುಗಿ ಜೋಡಿಸಲು ಬರಲಿಲ್ಲ. ಈರಪ್ಪ ಜೋಡಿಸಿದ. ಅಲ್ಲಿಂದ ಭಾಗಗಳನ್ನು ತರಿಸಿ ಕಂಪ್ಯೂಟರು ಕಟ್ಟಿಕೊಡುವವ ಎಂಬ ಹೆಸರು ಅವನಿಗೆ ಅಂಟಿತು.

ಎಂಬತ್ತೇಳರ ಬೇಸಿಗೆಯ ಒಂದು ಆದಿತ್ಯವಾರ ಕುಮಟೆಯಿಂದ ಮಹಾಲಕ್ಷ್ಮೀ ಅಕ್ಕೋರು ಅವನ ಅಂಗಡಿಯ ಮೆಟ್ಟಿಲು ಹತ್ತಿದರು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಒಂದು ಲಿಂಬೆಹಣ್ಣು. ಕುಮಟೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುವ ಟೀಚರಮ್ಮ, ಆ ಕಡೆಯ ಬಾಯಲ್ಲಿ ಅಕ್ಕೋರು. ಗಂಡ ಬೊಂಬಾಯಿಗೆ ಹೋದವನು ಅಲ್ಲಿಯೇ ಇನ್ನೊಂದು ಮನೆ ಮಾಡಿಕೊಂಡಿದ್ದ. ಟೈಪ್‌ರೈಟರುಗಳು ಹೊಟ್ಟೆ ಹೊರೆದಿದ್ದವು. ಈಗ ಕಲಿಯುವವರೆಲ್ಲ "ಕಂಪ್ಯೂಟರು ಇಲ್ವಾ?" ಎಂದು ಕೇಳಿ ತಿರುಗಿ ಹೋಗುತ್ತಿದ್ದರು.

"ನಂಗೆ ಚೆಂದದ್ದು ಬೇಡ, ಬಾಳಿಕೆ ಬರೂದು ಬೇಕು" ಎಂದರು ಅಕ್ಕೋರು. "ಕುಮಟೆಯಲ್ಲಿ ಇದು ಕೆಟ್ರೆ ನಾ ಯಾರ ಹತ್ರ ಹೋಗ್ಲಿ?"

"ಹಂಗಾದ್ರೆ ಮೊದ್ಲು ಮದರ್‌ಬೋರ್ಡು ಆರಿಸ್ಬೇಕು ಅಕ್ಕೋರೇ" ಎಂದ ಈರಪ್ಪ. ಒಂದು ಹಳೆಯ ಬೋರ್ಡು ತೆಗೆದು ತೋರಿಸಿದ. ಉಳಿದ ಭಾಗಗಳೆಲ್ಲ ಬಂದು ಕೂರುವ ಹಸಿರು ಹಲಗೆ ಅದು. "ಕಂಪ್ಯೂಟರಿಗೆ ಇಬ್ರು ವೈರಿ. ಒಂದು ಒಳಗಿನ ಬಿಸಿ, ಇನ್ನೊಂದು ನಮ್ಮ ಕಡಲಗಾಳಿ. ಪೆಟ್ಟಿಗೆ ಮುಚ್ಚಿಟ್ರೆ ಬೆಂದು ಸಾಯ್ತದೆ, ತೆರೆದಿಟ್ರೆ ಉಪ್ಪು ಹತ್ತಿ ಸಾಯ್ತದೆ. ಎರಡಕ್ಕೂ ತಡೀವಂಥ ಬೋರ್ಡು ಬೇಕು."

"ಎಷ್ಟು ದಿನ ಆಗ್ತದೆ?"

"ದುಬೈಯಿಂದ ಬರೂವರು ತರ್ಬೇಕು. ಬಂದಾಗ ಬಂತು."

ಬೋರ್ಡು ಬಂತೋ ಇಲ್ಲವೋ ಎಂದು ಕೇಳಲು ಒಂದು ಕಾರ್ಡು ಬರೆದರೆ ಸಾಕಿತ್ತು. ಅಕ್ಕೋರು ಬರೆಯಲಿಲ್ಲ, ಬಸ್ಸು ಹತ್ತಿ ಬಂದರು. ಮುಂದಿನ ಆದಿತ್ಯವಾರವೂ ಬಂದರು, ಅದರ ಮುಂದಿನದೂ ಬಂದರು. ಕಾರ್ಡು ಬರೆಯಿರಿ ಎಂದು ಈರಪ್ಪನೂ ಬಾಯಿ ಬಿಡಲಿಲ್ಲ. ಆದಿತ್ಯವಾರ ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳತೊಡಗಿದ. ಅಂಗಡಿಯ ಎರಡನೇ ಸ್ಟೂಲಿನ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಹಳೆ ಸ್ಪೀಕರು ಕೆಳಗಿಳಿಯಿತು. ರೇಡಿಯೋಗಳನ್ನೆಲ್ಲ ಬಂದ್ ಮಾಡಿ, ಬಿಸಿ ಏರುವುದೆಂದರೇನು, ಗಾಳಿ ಎಲ್ಲಿಂದ ಒಳಗೆ ಬಂದು ಎಲ್ಲಿಂದ ಹೊರಗೆ ಹೋಗಬೇಕು ಎಂದು ಅಕ್ಕೋರಿಗೆ ಹೇಳುತ್ತಿದ್ದ. ಅವರು ತಮ್ಮ ಕ್ಲಾಸಿನ ಹುಡುಗಿಯರ ತಮಾಷೆ ಹೇಳುತ್ತಿದ್ದರು. ಪ್ರತಿ ಸಲವೂ ಅವರ ಕೈಯಲ್ಲಿ ಲಿಂಬೆಹಣ್ಣು ಇದ್ದೇ ಇರುತ್ತಿತ್ತು. ಯಾವುದೋ ದೇವರ ಮುಂದೆ ಮಂತ್ರಿಸಿದ್ದು ಇರಬೇಕು ಎಂದುಕೊಂಡ ಈರಪ್ಪ. ಕೇಳಿದರೆ ಎಲ್ಲಿ ಬೇಸರಪಟ್ಟುಕೊಳ್ಳುತ್ತಾರೋ ಎಂದು ಕೇಳಲಿಲ್ಲ.

ಒಂದು ವಾರ ಇಬ್ಬರೂ ಹೊನ್ನಾವರದಲ್ಲಿ ಸೇರಿದರು. ಪೆಟ್ಟಿಗೆಯನ್ನು ಅಲ್ಲಿಯ ಅಣ್ಣಪ್ಪನ ಹತ್ತಿರ ಮಾಡಿಸುವುದೆಂದು ಆಗಿತ್ತು. ಅಣ್ಣಪ್ಪ ಮದುವೆಯ ಟ್ರಂಕು ಮಾಡುವವ. ಈರಪ್ಪ ಸೀಮೆಸುಣ್ಣದಿಂದ ತಗಡಿನ ಮೇಲೆ ಗಾಳಿತೂತುಗಳ ಗುರುತು ಹಾಕುತ್ತಿದ್ದಂತೆ ಅಣ್ಣಪ್ಪನಿಗೆ ತಡೆಯಲಾಗಲಿಲ್ಲ.

"ಇಷ್ಟು ತೂತು ಮಾಡಿದ್ರೆ ಸೀರೆಗೆ ಜಿರಲೆ ಬೀಳ್ತದ್ರಾ! ಮಗಳ ಮದ್ವೆಗೆ ಯಾರಾದ್ರೂ ಹಿಂಗೆ ಮಾಡಿಸ್ತಾರಾ? ನೀವಾದ್ರೂ ಹೇಳಿ ಬಾಯೋರೇ, ನಿಮ್ಮ ಯಜಮಾನ್ರಿಗೆ."

ಈರಪ್ಪನ ಕೈಯಿಂದ ಸೀಮೆಸುಣ್ಣ ಬಿತ್ತು. ಅಕ್ಕೋರು ಮಾತ್ರ ಜೋರಾಗಿ ನಕ್ಕುಬಿಟ್ಟರು. "ಮದ್ವೆ ಟ್ರಂಕಲ್ಲ ಅಣ್ಣಪ್ಪಾ, ಕಂಪ್ಯೂಟರಿಂದು" ಎಂದರು. ಟ್ರಂಕಿನ ಮಾತನ್ನು ತಿದ್ದಿದರು, ಯಜಮಾನರೆಂಬ ಮಾತನ್ನು ತಿದ್ದಲಿಲ್ಲ. ಅಂಥದ್ದನ್ನು ಒಂದೊಂದಾಗಿ ತಿದ್ದುತ್ತ ಕೂರಲು ಯಾರಿಗೆ ಪುರುಸೊತ್ತು ಎಂದು ಈರಪ್ಪ ತನಗೆ ತಾನೇ ಹೇಳಿಕೊಂಡರೂ, ಭಟ್ಕಳ ಮುಟ್ಟುವವರೆಗೆ ಆ ತಿದ್ದದ ಮಾತನ್ನೇ ಮೆಲುಕು ಹಾಕುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಜಾಫರ್ ಸಾಹೇಬರ ನೆಂಟರ ಸೂಟ್‌ಕೇಸಿನಲ್ಲಿ ಒಂದಲ್ಲ, ಎರಡು ಬೋರ್ಡು ಬಂದವು. ಒಂದು ತೆಳ್ಳಗೆ, ಹೊಸ ನಮೂನೆ, ಬಲು ಚುರುಕು. ಇನ್ನೊಂದು ದಪ್ಪ ಹಲಗೆಯದು, ಸ್ವಲ್ಪ ನಿಧಾನ. ಈರಪ್ಪ ಎರಡನ್ನೂ ಒಂದೊಂದು ಹಗಲು ಪೂರ್ತಿ ಓಡಿಸಿ ನೋಡಿದ. ಚುರುಕಿನದರ ಮೇಲೆ ಚಿಪ್ಪುಗಳನ್ನು, ಅಂದರೆ ಲೆಕ್ಕ ಮಾಡುವ ಕರಿ ಬಿಲ್ಲೆಗಳನ್ನು, ಸಂತೆಯ ಬಸ್ಸಿನ ಜನರಂತೆ ತುರುಕಿದ್ದರು. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಚಿಪ್ಪಿನ ಮೇಲೆ ಬೆರಳಿಟ್ಟರೆ ರಾಮಾ ಅನ್ನುವುದರೊಳಗೆ ತೆಗೆಯಬೇಕು. ಬ್ಯಾಟರಿಯನ್ನು ಹಲಗೆಗೇ ಬೆಸೆದಿದ್ದರು, ಅದು ಸೋರಿದ ದಿನ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ದಪ್ಪ ಬೋರ್ಡಿನ ಚಿಪ್ಪುಗಳು ದೂರ ದೂರ ಕೂತಿದ್ದವು, ನಡುವೆ ಗಾಳಿ ಆಡುತ್ತಿತ್ತು, ಬ್ಯಾಟರಿ ತಂತಿಯ ತುದಿಯಲ್ಲಿ ಬೇರೆಯೇ ಇತ್ತು. ಸಂಜೆಯವರೆಗೆ ಓಡಿದರೂ ಬೆರಳಿಟ್ಟರೆ ಉಗುರುಬೆಚ್ಚಗೆ ಅಷ್ಟೆ. ಇದರಲ್ಲಿ ಆರಿಸುವುದೇನಿತ್ತು? ಕಣ್ಣು ಮುಚ್ಚಿ ಹೇಳಬಹುದಿತ್ತು, ದಪ್ಪದ್ದು ಎಂದು.

ಆದರೆ ಈರಪ್ಪನಿಗೆ ಗುರುವಿನ ಗುಟ್ಟು ನೆನಪಾಯಿತು.

ಚುರುಕಿನ ಬೋರ್ಡು ಒಮ್ಮೆಗೇ ಸಾಯುವುದಿಲ್ಲ. ಬಿಸಿಯಾಗಿ ತಣಿದು, ಬಿಸಿಯಾಗಿ ತಣಿದು, ಒಂದೆರಡು ತಿಂಗಳಿಗೊಮ್ಮೆ ಅದರ ಚಿಪ್ಪುಗಳು ಕೂತ ಜಾಗದಿಂದ ಕೂದಲೆಳೆಯಷ್ಟು ಏಳುತ್ತವೆ. ಆಗ ಕಂಪ್ಯೂಟರು ನಿಲ್ಲುತ್ತದೆ. ಹೆಬ್ಬೆಟ್ಟಿನಿಂದ ಒತ್ತಿ ಕೂರಿಸಿದರೆ ಮತ್ತೆ ಓಡುತ್ತದೆ. ಒತ್ತಲು ಅಕ್ಕೋರು ಭಟ್ಕಳಕ್ಕೆ ಬರಬೇಕು. ಬಂದರೆ ಸ್ಟೂಲಿನ ಮೇಲೆ ಕೂರುತ್ತಾರೆ, ಚಾ ಕುಡಿಯುತ್ತಾರೆ. ಇದರಲ್ಲಿ ಮೋಸ ಎಲ್ಲಿ ಬಂತು? ಬಿಡಿಕಾಸು ತೆಗೆದುಕೊಳ್ಳುವುದಿಲ್ಲ ತಾನು. ಚುರುಕಿನದೇ ಕೊಟ್ಟಂತೆಯೂ ಆಯಿತು. ದಪ್ಪ ಬೋರ್ಡು ಹಾಕಿದರೆ ಅವರು ಈ ಮೆಟ್ಟಿಲು ಹತ್ತಲು ಕಾರಣವೇ ಉಳಿಯುವುದಿಲ್ಲ. ಇಡೀ ವಾರ ಹೀಗೆ ತನ್ನೊಡನೆ ತಾನೇ ಚೌಕಾಶಿ ಮಾಡಿ, ಶನಿವಾರ ಸಂಜೆ ಚುರುಕಿನ ಬೋರ್ಡನ್ನು ಪೆಟ್ಟಿಗೆಯೊಳಗಿಟ್ಟು ಸ್ಕ್ರೂ ಬಿಗಿದ.

ಮರುದಿನ ಅಕ್ಕೋರು ಬಂದಾಗ ಮುಖ ಬಿಳುಚಿತ್ತು. ನೇರ ಅಂಗಡಿಯ ಹಿಂದಿನ ನಳಕ್ಕೆ ಹೋಗಿ ಬಾಯಿ ಮುಕ್ಕಳಿಸಿದರು. ಸೆರಗಿನ ತುದಿ ಒದ್ದೆಯಾಗಿತ್ತು. ಕೈಯ ಲಿಂಬೆಹಣ್ಣು ಹಿಂಡಿ ಹಿಪ್ಪೆಯಾಗಿತ್ತು.

"ಎಂತ ಆತು ಅಕ್ಕೋರೇ?"

"ಎಂತ ಇಲ್ಲ. ಬಸ್ಸು ನಂಗೆ ಆಗೂದಿಲ್ಲ. ಹೊನ್ನಾವರ ದಾಟಿ ಮಂಕಿ ಬರೂದ್ರೊಳಗೆ ಹೊಟ್ಟೆ ಮೇಲೆ ಬತ್ತದೆ. ಇವತ್ತು ಕಂಡಕ್ಟರು ಬೈದ."

"ಇವತ್ತೊಂದೇ ದಿನವಾ?"

"ಪ್ರತಿ ಸಲವೂ. ಅದ್ಕೇ ಅಲ್ವಾ ಈ ಲಿಂಬೆಹಣ್ಣು."

ಈರಪ್ಪನಿಗೆ ಕಾಲಡಿಯ ನೆಲ ದೋಣಿಯಂತೆ ಅಲುಗಿತು. ಹೊಟ್ಟೆ ತೊಳಸುವುದೆಂದರೇನು, ಎಲ್ಲರೆದುರು ಬಾಯಿ ಮುಚ್ಚಿಕೊಂಡು ಬಗ್ಗುವ ಅವಮಾನವೆಂದರೇನು, ಭಟ್ಕಳ ತಾಲೂಕಿನಲ್ಲಿ ಅವನಷ್ಟು ಬಲ್ಲವರು ಯಾರಿದ್ದರು? ತಾನು ಅದಕ್ಕೆ ಹೆದರಿ ಅಪ್ಪನ ಕಡಲನ್ನೇ ಬಿಟ್ಟವನು. ಇವರು ಇಷ್ಟು ಆದಿತ್ಯವಾರ ಅದನ್ನು ನುಂಗಿಕೊಂಡು ಬಂದು, ನಗುನಗುತ್ತ ಸ್ಟೂಲಿನ ಮೇಲೆ ಕೂತಿದ್ದರು.

"ಮತ್ತೆ ಯಾಕೆ ಬಂದ್ರಿ? ಒಂದು ಕಾರ್ಡು ಹಾಕಿದ್ರೆ..."

"ಮಶೀನು ನೋಡ್ಬೇಕಲ್ಲ" ಎಂದರು ಅಕ್ಕೋರು, ಕನ್ನಡಕ ಒರೆಸಿಕೊಳ್ಳುತ್ತ.

ನೋಡಲು ಅಷ್ಟು ದಿನವೂ ಮಶೀನು ಎಲ್ಲಿತ್ತು? ಆದರೆ ಈರಪ್ಪನ ತಲೆ ಆ ಕಡೆ ಓಡಲೇ ಇಲ್ಲ. ಅವನು ಆಗಲೇ ಸ್ಕ್ರೂಡ್ರೈವರು ಹಿಡಿದು ಚುರುಕಿನ ಬೋರ್ಡನ್ನು ಬಿಚ್ಚುತ್ತಿದ್ದ.

"ಇದೇ ಬೇಗ ಓಡ್ತದೆ ಅಂತ ಹೋದ ವಾರ ಹೇಳಿದ್ರಲ್ಲ?"

"ಬೇಗ ಓಡೂದು ಬೇಗ ಕೂರ್ತದೆ. ನಿಮಗೆ ಇದು ಬೇಡ."

ದಪ್ಪ ಬೋರ್ಡಿನ ಹಿಂಬದಿಗೆ ಉಪ್ಪುಗಾಳಿ ತಾಗದಂತೆ ವಾರ್ನಿಶ್ ಸವರಿದ. ಅದು ಒಣಗಿದ ಮೇಲೆ ಕೂರಿಸಿ, ಗಾಳಿ ಒಳಗೆ ಬರುವ ಕಡೆ ಸಣ್ಣ ಫ್ಯಾನು ಬಿಗಿದು, ತೂತಿಗೆ ತೆಳು ಬಟ್ಟೆ ಕಟ್ಟಿದ. ಬೋರ್ಡು ಆರಿಸುವುದು ಕೊನೆಗೂ ಮುಗಿಯಿತು.

"ಹಂಗಾದ್ರೆ ಇದು ಕೆಡೂದೇ ಇಲ್ವಾ?" ಎಂದು ಕೇಳಿದರು ಅಕ್ಕೋರು.

"ಇಲ್ಲ. ನೀವಿನ್ನು ಈ ಬಸ್ಸು ಹತ್ತೂದೇ ಬೇಡ."

ಅಕ್ಕೋರಿಗೆ ಸಂತೋಷ ಆಗುತ್ತದೆ ಎಂದು ಅವನು ಎಣಿಸಿದ್ದ. ಅವರು ಹಿಂಡಿದ ಲಿಂಬೆಹಣ್ಣನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿ, "ಆತು" ಎಂದರು.

ಟೆಂಪೋದಲ್ಲಿ ಕಂಪ್ಯೂಟರು ಕುಮಟೆಗೆ ಹೋಯಿತು. ಈರಪ್ಪನೇ ಹೋಗಿ ಜೋಡಿಸಿ, ಮುಚ್ಚಳ ತೆಗೆಯುವುದು, ಬ್ರಶ್ಶಿನಿಂದ ಧೂಳು ಒರೆಸುವುದು, ತೂತಿನ ಬಟ್ಟೆ ಬದಲಾಯಿಸುವುದು ಎಲ್ಲವನ್ನೂ ಹೇಳಿಕೊಟ್ಟುಬಂದ. ಕಲಿಸುವುದರಲ್ಲೂ ಜಾಗ ಬಿಡಲಿಲ್ಲ ಪುಣ್ಯಾತ್ಮ.

ಆಮೇಲೆ ಆದಿತ್ಯವಾರಗಳು ಬಂದವು, ಹೋದವು. ಬೇರೆಯವರ ಕಂಪ್ಯೂಟರುಗಳು ರಿಪೇರಿಗೆ ಬಂದವು. "ಕುಮಟೆ ಅಕ್ಕೋರು ನಿಮ್ಮ ಹೆಸ್ರು ಹೇಳಿದ್ರು" ಎಂದುಕೊಂಡು ಹೊಸ ಗಿರಾಕಿಗಳೂ ಬಂದರು. ಅಕ್ಕೋರದ್ದು ಬರಲಿಲ್ಲ. ಎರಡನೇ ಸ್ಟೂಲಿನ ಮೇಲೆ ಸ್ಪೀಕರನ್ನು ತಿರುಗಿ ಇಡಲು ಈರಪ್ಪನಿಗೆ ಮನಸ್ಸಾಗಲಿಲ್ಲ. ಖಾಲಿ ಸ್ಟೂಲನ್ನು ನೋಡುತ್ತ ಕೂತು ಕೆಲಸ ಮಾಡುವುದು ಇನ್ನೂ ಕಷ್ಟವಾಯಿತು.

ಎರಡು ಮಳೆಗಾಲ ಕಳೆದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಬ್ರಶ್ಶು, ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡು, ಮಳೆಯ ತೇವ ಒಳಗೆ ಹೊಕ್ಕಿರಬಹುದು ನೋಡಿಬರುತ್ತೇನೆ ಎಂದು ಯಾರೂ ಕೇಳದಿದ್ದರೂ ತಾನೇ ಹೇಳಿಕೊಂಡು ಕುಮಟೆಗೆ ಹೋದ. ಅಕ್ಕೋರು ಮದುವೆಯ ಕರೆಯೋಲೆ ಟೈಪು ಮಾಡುತ್ತಿದ್ದರು. ಅವನನ್ನು ಕಂಡದ್ದೇ ಎದ್ದು ನಿಂತರು. ಒಲೆಯ ಮೇಲೆ ಚಾ ಕುದಿಯಿತು.

ಮುಚ್ಚಳ ತೆಗೆದು ನೋಡಿದರೆ ಧೂಳಿನ ಕಣವಿಲ್ಲ. ತೂತಿನ ಬಟ್ಟೆ ಹೊಸದು. ಬೆಸುಗೆ ಒಂದೂ ಹಸಿರುಗಟ್ಟಿಲ್ಲ. ದೊಡ್ಡ ಚಿಪ್ಪಿನ ಮೇಲೆ ಬೆರಳಿಟ್ಟ. ಬೆಳಗಿನಿಂದ ಓಡಿದ್ದರೂ ಉಗುರುಬೆಚ್ಚಗೆ ಅಷ್ಟೆ. ಚೀಲದಿಂದ ಬ್ರಶ್ಶು ಹೊರತೆಗೆಯುವ ಕೆಲಸವೂ ಉಳಿದಿರಲಿಲ್ಲ.

"ನೀವು ಹೇಳಿದಂಗೇ ಮಾಡ್ತೆ" ಎಂದರು ಅಕ್ಕೋರು. ಚಾ ಲೋಟ ಕೊಟ್ಟು, ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಕ್ಕರು. "ಈರಪ್ಪನೋರೇ, ಒಂದು ಸಲನಾದ್ರೂ ಕೆಡ್ಬಾರ್ದಾ ಇದು?"

"ಕೆಡೂದಿಲ್ಲ ಅಕ್ಕೋರೇ!" ಎಂದ ಈರಪ್ಪ, ಎದೆ ಉಬ್ಬಿಸಿ. "ನಾ ಇರೂವರೆಗೆ ಕೆಡೂದಿಲ್ಲ. ನೀವು ಹೆದರ್ಬೇಡಿ."

ಅಕ್ಕೋರ ನಗು ನಿಂತಿತು. "ಹೌದು, ನೀವು ಕಟ್ಟಿದ್ದಲ್ವಾ" ಎಂದು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ತಿರುಗಿ ಬರುವಾಗ ಬಸ್ಸು ಹೊನ್ನಾವರ ಬಿಟ್ಟು ಶರಾವತಿಯ ಸೇತುವೆಯ ಮೇಲಿತ್ತು. ಮುಂದಿನ ಸೀಟಿನ ಹೆಂಗಸೊಬ್ಬಳು ಲಿಂಬೆಹಣ್ಣು ಮೂಗಿಗೆ ಹಿಡಿದುಕೊಂಡಳು. ಆ ವಾಸನೆ ಬಂದದ್ದೇ ಈರಪ್ಪನಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಬರೆಯದ ಕಾರ್ಡು, ತಿದ್ದದ ಮಾತು, ಹಿಂಡಿದ ಹಣ್ಣು, ಕೆಡಬಾರದಾ ಎಂಬ ಪ್ರಶ್ನೆ. ಪೆದ್ದ! ಎರಡು ವರ್ಷ ಬೇಕಾಯಿತು ಅವನಿಗೆ. ಇಳಿಯಬೇಕೆಂದು ಸೀಟು ಬಿಟ್ಟು ಎದ್ದ. ಕಂಡಕ್ಟರು "ಎಲ್ಲಿಗ್ರಾ?" ಎಂದ. ಹೋಗಿ ಏನೆಂದು ಹೇಳುವುದು? ಹುಟ್ಟಿದಾರಭ್ಯ ಏನಾದರೂ ಕೆಟ್ಟಿರುವಲ್ಲಿಗೆ ಮಾತ್ರ ಹೋಗಿ ಗೊತ್ತಿದ್ದ ಮನುಷ್ಯ ಅವನು. ಏನೂ ಕೆಡದ ಮನೆಯ ಬಾಗಿಲನ್ನು ತಟ್ಟುವುದು ಹೇಗೆಂದು ಅವನಿಗೆ ಯಾವ ಗುರುವೂ ಕಲಿಸಿರಲಿಲ್ಲ. ಮತ್ತೆ ಕೂತ.

ಭಟ್ಕಳಕ್ಕೆ ಬಂದವನು ಮೂಲೆಯಲ್ಲಿದ್ದ ಚುರುಕಿನ ಬೋರ್ಡನ್ನು ಎತ್ತಿ, ಕೂರುವ ಜಾಗದ ಎದುರಿಗೆ ಮೊಳೆ ಹೊಡೆದು ತೂಗುಹಾಕಿದ. ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಾನೆ. ಒಂದು ದಿನ ಜಾಫರ್ ಸಾಹೇಬರು ಅದರ ಮೇಲೆ ಕಣ್ಣು ಹಾಕಿದರು.

"ಅರೆ ಈರಪ್ಪಾ, ಇದನ್ನ ಕೊಡು. ಶಿರಾಲಿಯಿಂದ ಗಿರಾಕಿ ಬಂದಾರೆ."

"ಇದು ಮಾರೂದಲ್ಲ."

"ಯಾಕೆ, ಕೆಟ್ಟದೆಯಾ?"

"ಕೆಟ್ಟಿಲ್ಲ, ಕೆಡೂದು" ಎಂದ ಈರಪ್ಪ. ಬ್ರಶ್ಶಿನಿಂದ ಬೋರ್ಡಿನ ಅಂಚು ಒರೆಸಿದ. "ಇದನ್ನ ಒಬ್ರಿಗೆ ಹಾಕ್ಬೇಕಾಗಿತ್ತು ಸಾಹೇಬ್ರೇ. ಹಾಕ್ಲಿಲ್ಲ."