ಕೆಂಪು ಬಟ್ಟೆಯ ಗೂಟ ಮತ್ತು ನಾಲ್ಕು ಚೌಕ

ಹೂಡೆಯ ಝೀಟಾಳ ಕಾಲಿನ ಹೆಬ್ಬೆರಳು ನೋಡಿದವರಿಗೆ ಅವಳ ಕಸುಬು ಹೇಳಬೇಕಿಲ್ಲ. ಐವತ್ತು ವರ್ಷ ಹೊಳೆಯ ಕೆಸರಿನಲ್ಲಿ ಮರುವಾಯಿ ಎಂಬ ತಿನ್ನುವ ಚಿಪ್ಪು ತಡಕಿ ತಡಕಿ ಅದು ಅಗಲವಾಗಿದೆ, ಉಗುರು ಕಪ್ಪಾಗಿದೆ. ಎಂಟನೆಯ ವಯಸ್ಸಿಗೇ ಅಮ್ಮನ ಜೊತೆ ನೀರಿಗಿಳಿದವಳು. ಪಕ್ಕದ ಮನೆಯ ವಸಂತಿಯೂ ಹಾಗೆಯೇ. ಅವರಿಬ್ಬರ ಅಮ್ಮಂದಿರು ಮಾಡಿಕೊಂಡ ಕಟ್ಟಳೆ ಒಂದಿತ್ತು. ಮಳೆಗಾಲದಲ್ಲಿ ಮನೆಗಳ ಹಿಂದೆ ಹೊಳೆಯಲ್ಲಿರುವ ಮರುವಾಯಿ ದಿಬ್ಬಕ್ಕೆ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟುವುದು, ಸೆಪ್ಟೆಂಬರಿನಲ್ಲಿ ಇಗರ್ಜಿಯ ಮೊಂತಿ ಹಬ್ಬಕ್ಕೆ ಹೊಸ ತೆನೆ ಬಂದ ಮೇಲೆ ಎರಡೂ ಮನೆಯವರು ಕೈಗೂಡಿಸಿ ಗೂಟ ಕೀಳುವುದು; ಅಲ್ಲಿಯವರೆಗೆ ಯಾರೂ ಚಿಪ್ಪಿಗೆ ಇಳಿಯುವಂತಿಲ್ಲ. ಅಷ್ಟರಲ್ಲಿ ಮರಿ ಬಲಿಯುತ್ತದೆ, ಕ್ರಿಸ್‌ಮಸ್‌ವರೆಗೆ ಎರಡೂ ಒಲೆ ಉರಿಯುತ್ತವೆ.

ಕಳೆದ ಆಗಸ್ಟಿನಲ್ಲಿ ಚಿಪ್ಪು ಕೊಳ್ಳುವ ವ್ಯಾನಿನವನೊಬ್ಬ ಬಂದ. ಮರಿಯಾದರೂ ಸರಿ, ಈಗಲೇ ಬೇಕಂತೆ. "ಬಾಯಮ್ಮ, ಶುಕ್ರವಾರ ವಸಂತಿ ಇಳಿಯುತ್ತಾರೆ, ನೀವು ಎಂತ ಮಾಡ್ತೀರಿ?" ಎಂದು ಝೀಟಾಳನ್ನು ಕೇಳಿದ. ವಸಂತಿಯ ಅಂಗಳದಲ್ಲಿ ಅದೇ ಮಾತನ್ನು ಝೀಟಾಳ ಹೆಸರು ಹಾಕಿ ಹೇಳಿದ. ಎರಡೂ ಸುಳ್ಳು.

ಝೀಟಾಳ ಮಗಳು, ಮಣಿಪಾಲದಲ್ಲಿ ಓದುವ ಕ್ಯಾರೆನ್, ನೋಟ್‌ಬುಕ್ಕಿನಲ್ಲಿ ನಾಲ್ಕು ಚೌಕ ಎಳೆದಳು.

"ಇಬ್ಬರೂ ಕಾದರೆ ತಲಾ ಹತ್ತು ಬುಟ್ಟಿ. ಇಬ್ಬರೂ ಈಗಲೇ ಇಳಿದರೆ ತಲಾ ನಾಲ್ಕು. ಒಬ್ಬರೇ ಇಳಿದರೆ ಅವರಿಗೆ ಹದಿನಾಲ್ಕು, ಕಾದವರಿಗೆ ಎರಡು. ಹೇಳಮ್ಮ, ವಸಂತಿಯಕ್ಕ ಕಾದರೆ ನಿನಗೆ ಯಾವುದು ಲಾಭ?"

"ಇಳಿಯುವುದು. ಹತ್ತಕ್ಕಿಂತ ಹದಿನಾಲ್ಕು."

"ಅವರೂ ಇಳಿದರೆ?"

"ಆಗಲೂ ಇಳಿಯುವುದೇ. ಎರಡಕ್ಕಿಂತ ನಾಲ್ಕು ದೊಡ್ಡದುಂಟಲ್ಲ."

"ಅಂದರೆ ಅವರು ಎಂತ ಮಾಡಿದರೂ ನಿನಗೆ ಇಳಿಯುವುದೇ ಮೇಲು. ಇದಕ್ಕೆ ಪ್ರಬಲ ತಂತ್ರ ಅಂತ ಹೆಸರು."

"ವಸಂತಿಗೂ ಇದೇ ಲೆಕ್ಕ ಅಲ್ವಾ?"

"ಹೌದು."

"ಹಾಗಾದರೆ ಇಬ್ಬರಿಗೂ ನಾಲ್ಕೇ. ಸುಮ್ಮನೆ ಕೂತಿದ್ದರೆ ಹತ್ತು. ಇದನ್ನು ಕಲಿಯಲಿಕ್ಕೆ ದಿನಾ ಬಸ್ಸು ಹತ್ತಬೇಕಾ ಮಾರಾಯ್ತಿ?"

ಕ್ಯಾರೆನ್ ನಕ್ಕಳು. ಝೀಟಾ ನಗಲಿಲ್ಲ.

ಇಳಿಯಬಾರದೆಂದೇ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಶುಕ್ರವಾರ ಬೆಳಿಗ್ಗೆ, ವಸಂತಿ ಬಂದಿದ್ದಾಳೋ ನೋಡಿ ಬರೋಣ ಎಂದಷ್ಟೇ ಹೊರಟಳು. ಆದರೂ ಬುಟ್ಟಿ ಸೊಂಟಕ್ಕೇರಿತ್ತು. ತೆಂಗಿನ ಸಾಲಿನಾಚೆ ವಸಂತಿ ನಿಂತಿದ್ದಳು. ಅವಳು ಬಂದದ್ದೂ ನೋಡಲಿಕ್ಕೇ, ಅವಳ ಸೊಂಟದಲ್ಲೂ ಬುಟ್ಟಿ.

"ಓಹೋ, ಹಬ್ಬ ಇಷ್ಟು ಬೇಗ ಬಂತಾ ಬಾಯಮ್ಮ?" ಎಂದಳು ವಸಂತಿ.

"ನೀನು ಎಂತ, ಮಲ್ಲಿಗೆ ಕೊಯ್ಯಲಿಕ್ಕೆ ಬಂದದ್ದಾ?"

ನೋಡಲಿಕ್ಕೆ ಬಂದೆ ಎಂದು ಒಬ್ಬಳಾದರೂ ಹೇಳಬಹುದಿತ್ತು. ಬುಟ್ಟಿ ಕಂಡ ಮೇಲೆ ಇನ್ನೊಬ್ಬಳು ನಂಬುತ್ತಿದ್ದಳೇ? ಇಬ್ಬರೂ ಒಟ್ಟಿಗೇ ನೀರಿಗಿಳಿದರು. ಮೂರು ದಿನದಲ್ಲಿ ದಿಬ್ಬ ಬರಿದಾಯಿತು. ಕಡಲೆಯಷ್ಟು ಮರಿ, ತಲಾ ನಾಲ್ಕು ಬುಟ್ಟಿ.

ಹೆಂಗಸರ ದುರಾಸೆ ಎಂದು ಊರು ಆಡಿಕೊಳ್ಳುತ್ತಿದೆ. ನನ್ನ ಮೈ ಉರಿಯುವುದು ಅಲ್ಲೇ. ಎಂಟು ಬುಟ್ಟಿ ತುಂಬಿಕೊಂಡು ಮುಂದಿನ ಹೊಳೆಗೆ ಹೋದ ವ್ಯಾನಿನವನಿಗೆ ಆ ನಾಲ್ಕು ಚೌಕದಲ್ಲಿ ಜಾಗವೇ ಇಲ್ಲವಲ್ಲ! ಕಟ್ಟಳೆ ಮುರಿದವರ ಹೆಸರು ಊರಿಗೆಲ್ಲ ಗೊತ್ತು. ಅವನ ಹೆಸರನ್ನು ಒಬ್ಬರೂ ಕೇಳಿಲ್ಲ.

ಮೊಂತಿ ಹಬ್ಬದ ಮರುದಿನ ಝೀಟಾ ಗೂಟ ಕೀಳಲು ಹೋದಳು. ವಸಂತಿ ಬರಲಿಲ್ಲ. ಒಬ್ಬಳ ಕೈಗೆ ಅದು ಅಲುಗಲಿಲ್ಲ. ದಿಬ್ಬದಲ್ಲಿ ಚಿಪ್ಪಿಲ್ಲ, ಈಗ ಝೀಟಾ ಶಿರ್ವದ ದೊಡ್ಡ ಮನೆಯೊಂದರಲ್ಲಿ ನೆಲ ಒರೆಸುತ್ತಾಳೆ. ಗೂಟ ಇನ್ನೂ ಹೊಳೆಯಲ್ಲೇ ನಿಂತಿದೆ, ಕೆಂಪು ಬಟ್ಟೆಯ ಸಮೇತ.