ಯಾರ ಮದುವಿದೂ ಅಲ್ಲದ ವಿಡಿಯೋ

ಕಮತಗಿಯ ನೇಕಾರರ ಮನಿಯಿಂದ ಫೋನ್ ಬಂದಾಗ ನಾ ಜಗಳಕ್ಕ ತಯಾರಾಗೇ ಹೋದೆ. ಅವರ ಮನಿ ಮದುವಿ ವಿಡಿಯೋ ತಗದಾಂವ ನಾನ. ಸಿ.ಡಿ. ಕೊಟ್ಟ ಮ್ಯಾಲೆ ಬರೋ ಫೋನೆಲ್ಲಾ ಒಂದೇ ಥರದ್ದು: ನಮ್ಮ ಮಾವನ ಮುಖಾ ಯಾಕ ಬಂದಿಲ್ಲ?

ಆದ್ರ ಆ ಮನಿ ಹಿರೇ ಸೊಸಿ ಶಾಂತಕ್ಕ ಕೇಳಿದ್ದ ಬ್ಯಾರೆ. "ಮದುವಿ ಬ್ಯಾಡ್ರಿ. ಕಡೀಕ ಹಾಕೀರಲ್ಲ, ಆ ಹೊಳಿ ಅಷ್ಟ ಕೊಡ್ರಿ. ನಮ್ಮ ಅತ್ತಿಯವರಿಗೆ ಬೇಕು."

ಸಿ.ಡಿ. ಒಳಗ ಜಾಗಾ ಉಳೀತು ಅಂತ ಮಲಪ್ರಭಾ ಹೊಳಿ ಎರಡು ನಿಮಿಷ ಹಾಕಿದ್ದೆ. ಅತ್ತಿಯವರಿಗೆ ಮರೆವಿನ ಬ್ಯಾನಿ. ಮಗನ ಹೆಸರು ಮರ್ತಿದ್ರು, ಊಟಾನೂ ಬಿಟ್ಟಿದ್ರು. ಹೊಳಿ ಹಚ್ಚಿದ್ರ ಮಾತ್ರ ಉಣ್ತಾರಂತ.

ಟಿ.ವಿ. ಹಚ್ಚಿದ್ರು. ಮುದುಕಿ ಮುಂದ ಕುಂತು, ಸಂಕ್ರಾಂತಿಗೆ ಹೊಳಿ ದಂಡ್ಯಾಗ ಬಿಚ್ಚಿದಂಗ ಬುತ್ತಿ ಬಿಚ್ಚಿದ್ರು. ಮೊದಲನೇ ತುತ್ತು ಹೊಳಿ ಗಂಗವ್ವಗ ಅಂತ ಟಿ.ವಿ.ಗೆ ಒಗದ್ರು. ಗಾಜು ಒರಸಾಕ ಶಾಂತಕ್ಕ ಅರಿವಿ ಹಿಡಕೊಂಡೇ ನಿಂತಿದ್ಲು. ನೋಡಾಕಂತ ನಾ ಸನೇಕ ಹೋದೆ.

"ಹಿಂದಕ ಸರಿಯೋ ತಮ್ಮಾ, ನೀರು ಭಾಳ ಬಂದೈತಿ!" ಅಂದ್ರು ಮುದುಕಿ. ಸರಿದೆ. ಕೈಯಾಗ ಅರ್ಧ ರೊಟ್ಟಿ ಇಟ್ರು.

ಅಷ್ಟರಾಗ ಹೊಳಿ ಮುಗೀತು. ಮುದುಕಿ ಬಾಯಾಗಿನ ತುತ್ತು ಅಲ್ಲೇ ನಿಂತಿತು.

ಮರುದಿನ ಹೊಳಿ ದಂಡ್ಯಾಗ ಕ್ಯಾಮೆರಾ ಇಟ್ಟು ಒಂದು ತಾಸು ಬರೇ ನೀರು ತಗದೆ. ಎಮ್ಮಿ ಮೈ ತೊಳಿಯಾಂವ ಒಬ್ಬ, "ಯಾರ ಮದುವೀರಿ?" ಅಂದ.

"ಯಾರದೂ ಅಲ್ಲ," ಅಂದೆ.

ಆ ಸಿ.ಡಿ. ಕೊಟ್ಟ ಮ್ಯಾಲೆ ಮುದುಕಿ ಎರಡೆರಡು ರೊಟ್ಟಿ ಉಂಡ್ರಂತ. ನನ್ನ ಮುಖಾ ಬಂದಿಲ್ಲ ಅಂತ ಯಾರೂ ಜಗಳಾ ತಗೀದ ವಿಡಿಯೋ ನನ್ನ ದಂಧೇದಾಗ ಅದೊಂದ.